ಸೌದಿಯಿಂದ ಬಂದ ಟರ್ನ್‌ಟೇಬಲ್ ಇಲ್ಲಿ ನಿಧಾನ ತಿರುಗುವುದೇಕೆ?

ಪ್ರಶ್ನೆ: ನನ್ನ ಸೋದರಮಾವ 1980ರ ದಶಕದಲ್ಲಿ ಸೌದಿಯಲ್ಲಿ ಕೆಲಸದಲ್ಲಿದ್ದರು. ರಜೆಗೆ ಬರುವಾಗ ಅವರು ತಂದ ಬೆಲ್ಟ್ ಡ್ರೈವ್ ಟರ್ನ್‌ಟೇಬಲ್ (ಮೋಟಾರು ಬೆಲ್ಟಿನಿಂದ ತಿರುಗಿಸುವ ರೆಕಾರ್ಡ್ ಪ್ಲೇಯರ್), ಬದಿಯಡ್ಕದ ಹತ್ತಿರದ ನಮ್ಮ ಹಳೇ ಮನೆಯ ಉಪ್ಪರಿಗೆಯಲ್ಲಿ ಎಷ್ಟೋ ವರ್ಷ ಸುಮ್ನೆ ಕೂತಿತ್ತು. 110 ವೋಲ್ಟಿನದು, ಟ್ರಾನ್ಸ್‌ಫಾರ್ಮರ್ ಜೊತೆಗಿದೆ. ಹೊಸ ಬೆಲ್ಟ್ ಹಾಕಿ, ಆಡಿಯೋ ಟೆಕ್ನಿಕಾ ವಿಎಂ95ಇ ಕಾರ್ಟ್ರಿಜ್ (ಸೂಜಿ ಇರುವ ಚಿಕ್ಕ ಪೆಟ್ಟಿಗೆ) ಕೂರಿಸಿದೆ. ಹಾಡು ಬರುತ್ತದೆ. ಆದರೆ ಎಲ್ಲರ ಧ್ವನಿಯೂ ದಪ್ಪ, ನಿದ್ದೆಗಣ್ಣಲ್ಲಿ ಹಾಡಿದ ಹಾಗೆ. ಮಾವನ ಪೆಟ್ಟಿಗೆಯಲ್ಲಿ ವೇಗ ನೋಡುವ ಸ್ಟ್ರೋಬ್ ತಟ್ಟೆ ಇತ್ತು, ವೇಗ ಸರಿ ಇದ್ದರೆ ಅದರ ಗೆರೆಗಳು ಮಿನುಗುವ ಬೆಳಕಿನಲ್ಲಿ ನಿಂತ ಹಾಗೆ ಕಾಣುತ್ತವಂತೆ. ಅದನ್ನು ಇಟ್ಟು ಟ್ಯೂಬ್‌ಲೈಟಿನ ಕೆಳಗೆ ನೋಡಿದೆ. ಗೆರೆಗಳು ನಿಂತೇ ಇವೆ. ಹಾಗಾದರೆ ವೇಗ ಸರಿ ಅಲ್ವಾ? ರೆಕಾರ್ಡಿನ ಕೊನೆಯ ಹಾಡುಗಳಲ್ಲಿ ‘ಸ’, ‘ಶ’ ಹರಿದ ಹಾಗೆ ಕೇಳುತ್ತದೆ. ಹಿಂದೆ ಒಂದು ಗುಂಯ್ ಸದ್ದು ಇದ್ದೇ ಇದೆ. ಯಾರಾದರೂ ನಡೆದಾಡಿದರೆ ಸೂಜಿ ಹಾರುತ್ತದೆ. ಅಂಗಡಿಯಲ್ಲಿ ಇದನ್ನು ಬಿಟ್ಟು ಹೊಸದು ತೆಗೆದುಕೊಳ್ಳಿ ಅಂದರು. ಅಜ್ಜನ ಕಾಲದ 78ರ ಪ್ಲೇಟುಗಳೂ ಒಂದು ಪೆಟ್ಟಿಗೆ ಇವೆ. ಏನು ಮಾಡಲಿ?

ಉತ್ತರ: ಹೊಸದು ಬೇಡ. ನೀವು ಬರೆದ ತೊಂದರೆಗಳಲ್ಲಿ ಒಂದೂ ಮೆಷಿನ್ ಕೆಟ್ಟಿದೆ ಅಂತ ಹೇಳುತ್ತಿಲ್ಲ. ಆದರೆ ಒಂದು ಮಾತು ಮೊದಲೇ ಹೇಳುತ್ತೇನೆ. ಎಲ್ಲ ಸರಿಯಾಗುವ ತನಕ ಒಳ್ಳೆಯ ರೆಕಾರ್ಡುಗಳನ್ನು ಹಾಕಬೇಡಿ. ಮೆಷಿನನ್ನು ಯಾವತ್ತಾದರೂ ರಿಪೇರಿ ಮಾಡಬಹುದು. ಸರಿಯಾಗಿ ಕೂರದ ಸೂಜಿ ರೆಕಾರ್ಡಿನ ಗೆರೆಯನ್ನು ತಿಂದರೆ ಆ ಹಾಡು ಹೋಯಿತು, ಮತ್ತೆ ಬರುವುದಿಲ್ಲ. ಗೀರು ಬಿದ್ದ, ಹೋದರೂ ಬೇಸರವಿಲ್ಲದ ಒಂದು ಎಲ್‌ಪಿಯನ್ನು ಪರೀಕ್ಷೆಗೆ ಇಟ್ಟುಕೊಳ್ಳಿ. ಈ ಕೆಲಸವೆಲ್ಲ ಅದರ ಮೇಲೆಯೇ ಆಗಲಿ.

ವೇಗದಿಂದ ಶುರು ಮಾಡೋಣ. ಸೂಜಿಯನ್ನು ಆ ಪರೀಕ್ಷೆಯ ರೆಕಾರ್ಡಿನ ಮೇಲೆ ಇಡಿ. ರೆಕಾರ್ಡಿನ ನಡುವಿನ ಲೇಬಲ್ ಮೇಲೆ ಒಂದು ಚಿಕ್ಕ ಕಾಗದದ ಚೂರು ಅಂಟಿಸಿ. ಮೊಬೈಲಿನಲ್ಲಿ ಸರಿಯಾಗಿ 3 ನಿಮಿಷದ ಟೈಮರ್ ಹಾಕಿ, ಆ ಚೂರು ಎಷ್ಟು ಸುತ್ತು ಬಂತು ಅಂತ ಎಣಿಸಿ. ಎಲ್‌ಪಿ ನಿಮಿಷಕ್ಕೆ ಮೂವತ್ತಮೂರೂ ಮೂರನೇ ಒಂದು ಸುತ್ತು ತಿರುಗಬೇಕು. ಅಂದರೆ 3 ನಿಮಿಷಕ್ಕೆ ಸರಿಯಾಗಿ 100. ನಿಮ್ಮಲ್ಲಿ ಎಷ್ಟು ಬರುತ್ತದೆ ಅಂತ ನಾನು ಇಲ್ಲಿಂದಲೇ ಹೇಳಬಲ್ಲೆ ಅನ್ನಿಸುತ್ತದೆ. 83 ಬರಬೇಕು.

ಯಾಕೆ ಅಂತ ಹೇಳುತ್ತೇನೆ. ಬೆಲ್ಟ್ ಡ್ರೈವ್ ಮೆಷಿನ್‌ಗಳಲ್ಲಿ ಹಲವಕ್ಕೆ ಎಸಿ ಸಿಂಕ್ರೋನಸ್ ಮೋಟಾರು ಇರುತ್ತದೆ. ಈ ಮೋಟಾರು ವೋಲ್ಟೇಜ್ ನೋಡಿ ತಿರುಗುವುದಿಲ್ಲ, ಕರೆಂಟಿನ ಹರ್ಟ್ಸ್, ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಆವರ್ತ ಮುಗಿಸುತ್ತದೆ ಅನ್ನುವುದನ್ನು ನೋಡಿ ತಿರುಗುತ್ತದೆ. ತೋಟದ ಪಂಪು ಹಾಕಿದಾಗ ನಮ್ಮ ಕಡೆ ಮನೆಯ ಬಲ್ಬು ಮಂಕಾಗುತ್ತದಲ್ಲ, ಆಗಲೂ ಇದರ ವೇಗ ಅಲ್ಲಾಡುವುದಿಲ್ಲ. ಅದೇ ಈ ಮೋಟಾರಿನ ಒಳ್ಳೆಯ ಗುಣ. ಆದರೆ ಸೌದಿಯ ಕರೆಂಟು 60 ಹರ್ಟ್ಸ್, ನಮ್ಮದು 50. ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು 110ಕ್ಕೆ ಇಳಿಸುತ್ತದೆ, ಅಷ್ಟೇ. ಹರ್ಟ್ಸನ್ನು ಮುಟ್ಟುವುದಿಲ್ಲ. ಹಾಗಾಗಿ ಅಲ್ಲಿ 6 ಸುತ್ತು ತಿರುಗುವ ಹೊತ್ತಿಗೆ ಇಲ್ಲಿ 5 ಸುತ್ತು. ಮೂವತ್ತಮೂರು ಚಿಲ್ಲರೆ ತಿರುಗಬೇಕಾದದ್ದು 28 ಕೂಡ ತಿರುಗುವುದಿಲ್ಲ.

ಕೊಲ್ಲಿಯಿಂದ ಬಂದ ಎಲ್ಲ ಮೆಷಿನ್‌ಗೂ ಹೀಗಾಗುವುದಿಲ್ಲ. ದುಬೈ, ಕುವೈತ್, ಮಸ್ಕತ್, ದೋಹಾ ಎಲ್ಲ ಕಡೆ ನಮ್ಮ ಹಾಗೆ 50 ಹರ್ಟ್ಸ್. ಸೌದಿಯದು ಬೇರೆ. ಕಾಸರಗೋಡು, ಉಪ್ಪಳ, ಕುಂಬಳೆ ಕಡೆಯ ಮನೆಗಳಲ್ಲಿ ಒಂದು ಕಾಲದಲ್ಲಿ ಎರಡೂ ಕಡೆಯ ಸಾಮಾನು ಬಂದು ಸೇರಿದೆ. ಆದ್ದರಿಂದಲೇ ಪಕ್ಕದ ಮನೆಯದು ಸರಿ ಹಾಡುತ್ತದೆ, ನಮ್ಮದು ಮಾತ್ರ ಯಾಕೆ ಹೀಗೆ ಅಂತ ಕೇಳುವವರು ನನಗೆ ಹಲವರು ಸಿಕ್ಕಿದ್ದಾರೆ.

ಕಿವಿಗೆ ಇದು ಎಷ್ಟು ವ್ಯತ್ಯಾಸ ಗೊತ್ತೇ? ಹಾರ್ಮೋನಿಯಂನಲ್ಲಿ ಬಿಳಿ, ಕಪ್ಪು ಎರಡನ್ನೂ ಸೇರಿಸಿ ಎಣಿಸಿದರೆ ಮೂರು ಮನೆಗಿಂತ ತುಸು ಜಾಸ್ತಿಯೇ ಕೆಳಗೆ. ಬಿಳಿ ಐದರಲ್ಲಿ ಹಾಡಿದವರು ಬಿಳಿ ಮೂರಕ್ಕೆ ಇಳಿದು ಬಿಡುತ್ತಾರೆ. ಎಂ.ಎಸ್. ಸುಬ್ಬುಲಕ್ಷ್ಮಿಯವರ ಧ್ವನಿ ಗಂಡಸಿನ ಧ್ವನಿಯ ಹತ್ತಿರ ಬರುತ್ತದೆ. ಹಾಡು ನಿಧಾನವೂ ಆಗುತ್ತದೆ, ಶ್ರುತಿಯೂ ಇಳಿಯುತ್ತದೆ. ನಿಮ್ಮ ‘ನಿದ್ದೆಗಣ್ಣು’ ಅನ್ನುವ ಮಾತು ಸರಿಯಾಗಿಯೇ ಇದೆ.

ಇನ್ನು ಆ ಸ್ಟ್ರೋಬ್ ತಟ್ಟೆ. ಅದು ಮಾವನ ಜೊತೆ ಸೌದಿಯಿಂದಲೇ ಬಂದದ್ದು, ಅದೇ ಅದರ ತೊಂದರೆ. 60 ಹರ್ಟ್ಸಿನ ತಟ್ಟೆಯಲ್ಲಿ 33ರ ಸಾಲಿಗೆ 216 ಗೆರೆ ಇರುತ್ತವೆ. ನಮ್ಮ 50 ಹರ್ಟ್ಸಿಗೆ 180 ಗೆರೆ ಇರಬೇಕು. ಚೋಕ್ ಇರುವ ಹಳೆಯ ಟ್ಯೂಬ್‌ಲೈಟು ನಮ್ಮಲ್ಲಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. 216 ಗೆರೆಯ ತಟ್ಟೆ ನಿಮ್ಮ ನಿಧಾನದ ವೇಗದಲ್ಲಿ ತಿರುಗಿದರೆ ಸೆಕೆಂಡಿಗೆ ಸರಿಯಾಗಿ 100 ಗೆರೆ ದಾಟುತ್ತವೆ. ಹಾಗಾಗಿ ಗೆರೆ ನಿಂತ ಹಾಗೆಯೇ ಕಾಣುತ್ತದೆ! ಬೆಳಕು, ಮೋಟಾರು ಎರಡೂ ಒಂದೇ ಕರೆಂಟಿನ ಹಿಂದೆ ಹೋಗುವುದರಿಂದ ಎರಡೂ ಒಟ್ಟಿಗೆ ತಪ್ಪಿವೆ. ತಟ್ಟೆಯ ಮೇಲೆ ಎಲ್ಲಾದರೂ 60 ಅಂತ ಬರೆದಿರುತ್ತದೆ, ನೋಡಿ. ಅದನ್ನು ಪಕ್ಕಕ್ಕಿಡಿ. 180 ಗೆರೆಯ ತಟ್ಟೆಯನ್ನು ಹತ್ತಿರದ ಅಕ್ಷಯ ಕೇಂದ್ರದಲ್ಲಿ ಪ್ರಿಂಟ್ ಮಾಡಿಸಿಕೊಳ್ಳಬಹುದು. ಆದರೆ ಹಲವು ಎಲ್‌ಇಡಿ ಬಲ್ಬುಗಳ ಕೆಳಗೆ ಗೆರೆ ಕಾಣುವುದೇ ಇಲ್ಲ, ಅವು ಆ ರೀತಿ ಮಿನುಗುವುದಿಲ್ಲ. ನನ್ನ ನಂಬಿಕೆ 3 ನಿಮಿಷದ ಎಣಿಕೆಯ ಮೇಲೆ. ಅದಕ್ಕೆ ಯಾವ ಕರೆಂಟಿನ ಹಂಗೂ ಇಲ್ಲ.

83ರ ಬದಲು 96, 97 ಬಂದರೆ ಕಥೆ ಬೇರೆ. ಆಗ ಬೆಲ್ಟ್ ಜಾರುತ್ತಿದೆ ಅಥವಾ ಬೇರಿಂಗಿನಲ್ಲಿ ಎಣ್ಣೆ ಒಣಗಿದೆ. ಬೆಲ್ಟನ್ನೂ ಪುಲ್ಲಿಯನ್ನೂ ಕೈಯ ಜಿಡ್ಡು ಹೋಗುವ ಹಾಗೆ ಒರೆಸಿ. ಬೇರಿಂಗಿಗೆ ಎರಡು ಹನಿ ಹೊಲಿಗೆ ಮೆಷಿನ್ ಎಣ್ಣೆ ಸಾಕು. ತೆಂಗಿನೆಣ್ಣೆ ಮಾತ್ರ ಬೇಡ. ಮನೆಯಲ್ಲಿ ಕೈಗೆ ಸಿಗುವುದು ಅದೇ ಆದ್ದರಿಂದ ಹೇಳುತ್ತಿದ್ದೇನೆ. ಅದು ಕೆಲವು ತಿಂಗಳಲ್ಲಿ ಅಂಟಾಗಿ ಬೇರಿಂಗನ್ನೇ ಹಿಡಿಯುತ್ತದೆ.

83 ಬಂದರೆ ಪರಿಹಾರ ಮೋಟಾರಿನ ಮೇಲಿನ ಪುಲ್ಲಿಯಲ್ಲಿದೆ. ಪುಲ್ಲಿ ದಪ್ಪವಾದರೆ ರೆಕಾರ್ಡು ಕೂರುವ ತಟ್ಟೆ ಬೇಗ ತಿರುಗುತ್ತದೆ. ಮೊದಲು ಮಾವನ ಪೆಟ್ಟಿಗೆಯನ್ನು ಪೂರ್ತಿ ಹುಡುಕಿ. ಕೆಲವು ಕಂಪನಿಗಳು 50 ಹರ್ಟ್ಸಿನ ಪುಲ್ಲಿಯನ್ನೂ ಜೊತೆಗೇ ಕೊಡುತ್ತಿದ್ದವು. ಚಿಕ್ಕ ಪೊಟ್ಟಣದಲ್ಲಿ ಹಿತ್ತಾಳೆಯದೋ ಪ್ಲಾಸ್ಟಿಕ್ಕಿನದೋ ಒಂದು ತುಂಡು ಇದ್ದರೆ ಎಸೆಯಬೇಡಿ, ಅದೇ ನಿಮಗೆ ಬೇಕಾದದ್ದು. ಸಿಗದಿದ್ದರೆ ಲೇತ್ ಕೆಲಸದವರಿಂದ ಹಿತ್ತಾಳೆಯಲ್ಲಿ ಕಡೆಸಬೇಕು.

ಅಳತೆ ಕೊಡುವಾಗ ಹುಷಾರು. ಹಳೆಯ ಪುಲ್ಲಿಯ 1.2 ಪಟ್ಟು ದಪ್ಪ ಅಂತ ಹೇಳಿ ಬಂದರೆ ತಪ್ಪುತ್ತದೆ, ಬೆಲ್ಟಿನ ದಪ್ಪವೂ ಲೆಕ್ಕಕ್ಕೆ ಬರುತ್ತದೆ. ಹಳೆಯ ಪುಲ್ಲಿ 10 ಮಿಲಿಮೀಟರ್, ಬೆಲ್ಟ್ 0.6 ಮಿಲಿಮೀಟರ್ ದಪ್ಪ ಅಂತ ಇಟ್ಟುಕೊಳ್ಳಿ. ಎರಡೂ ಸೇರಿ 10.6. ಅದರ 1.2 ಪಟ್ಟು 12.72. ಅದರಲ್ಲಿ ಬೆಲ್ಟಿನ 0.6 ಕಳೆದರೆ 12.12. ಲೇತಿಗೆ ಕೊಡಬೇಕಾದ ಅಳತೆ ಇದು. ಸುಮ್ನೆ 12 ಅಂದಿದ್ದರೆ ವೇಗ ನೂರಕ್ಕೆ ಒಂದರಷ್ಟು ಕಡಿಮೆ ಬರುತ್ತಿತ್ತು. ಶ್ರುತಿ ಪೆಟ್ಟಿಗೆ ಇಟ್ಟು ಕೇಳುವವರಿಗೆ ಅದು ತಿಳಿಯುತ್ತದೆ. 33ಕ್ಕೂ 45ಕ್ಕೂ ಪುಲ್ಲಿಯಲ್ಲಿ ಬೇರೆ ಬೇರೆ ಮೆಟ್ಟಿಲು ಇರುತ್ತದೆ, ಎರಡನ್ನೂ ಇದೇ ಲೆಕ್ಕದಲ್ಲಿ ತೆಗೆಯಿರಿ. ಬೆಲ್ಟ್ ಕೂರುವ ಜಾಗ ನಡುವೆ ಕೂದಲೆಳೆಯಷ್ಟು ಉಬ್ಬಿರಬೇಕು, ಮದ್ದಳೆಯ ಹೊಟ್ಟೆಯ ಹಾಗೆ. ಆಗ ಬೆಲ್ಟ್ ತಾನಾಗಿಯೇ ನಡುವೆ ನಿಲ್ಲುತ್ತದೆ. ಹಳೆಯದನ್ನೇ ಮಾದರಿಗೆ ಕೊಟ್ಟರೆ ಒಳ್ಳೆಯ ಲೇತ್ ಕೆಲಸಗಾರರಿಗೆ ಇದೆಲ್ಲ ಕಣ್ಣಿಗೇ ಕಾಣುತ್ತದೆ.

ಪುಲ್ಲಿಗೆ ಟೇಪು ಸುತ್ತಿ ದಪ್ಪ ಮಾಡುವವರಿದ್ದಾರೆ. ನಾನು ಅದಕ್ಕೆ ಒಪ್ಪುವುದಿಲ್ಲ. ಟೇಪಿನ ಅಂಚು ಬಂದಾಗಲೆಲ್ಲ ವೇಗ ತುಸು ಅಲುಗುತ್ತದೆ, ವೀಣೆಯ ಉದ್ದದ ಸ್ವರ ನಡುಗುತ್ತದೆ. 60 ಹರ್ಟ್ಸ್ ಕರೆಂಟು ತಯಾರಿಸಿ ಕೊಡುವ ಚಿಕ್ಕ ಪೆಟ್ಟಿಗೆಗಳೂ ಇವೆ. ಚೆನ್ನಾಗಿಯೇ ಕೆಲಸ ಮಾಡುತ್ತವೆ, ಆದರೆ ಪುಲ್ಲಿಗಿಂತ ಬೆಲೆ ಜಾಸ್ತಿ. ಒಂದು ಪರೀಕ್ಷೆ ಮಾತ್ರ ಮಾಡಿ. 60 ಹರ್ಟ್ಸಿನ ಮೋಟಾರು 50ರಲ್ಲಿ ತುಸು ಜಾಸ್ತಿ ಬಿಸಿಯಾಗುತ್ತದೆ. ಅರ್ಧ ಗಂಟೆ ಓಡಿಸಿ, ಪ್ಲಗ್ ತೆಗೆದು, ಮೋಟಾರಿನ ಮೈ ಮುಟ್ಟಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡಲಾಗದಷ್ಟು ಸುಡುತ್ತಿದ್ದರೆ ಓಡಿಸಬೇಡಿ, ತಿಳಿದವರಿಗೆ ತೋರಿಸಿ. ಕರೆಂಟು ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಇದನ್ನು ಓಡಿಸುವುದು ಬೇಡವೇ ಬೇಡ.

ಈಗ ಜಾಗದ ವಿಷಯ. ಉಪ್ಪರಿಗೆಯ ಮರದ ಹಲಗೆ ಕಾಲಿಟ್ಟಲ್ಲೆಲ್ಲ ತುಸು ಬಾಗುತ್ತದೆ, ಮೇಜೂ ಅದರ ಜೊತೆ ಬಾಗುತ್ತದೆ. ಸೂಜಿ ಹಾರದೆ ಇನ್ನೇನು ಮಾಡೀತು? ಅಲ್ಲಿ ಯಾವ ರಬ್ಬರ್ ಕಾಲು ಹಾಕಿದರೂ ಪೂರ್ತಿ ಸರಿಯಾಗುವುದಿಲ್ಲ. ಮೆಷಿನನ್ನು ಕೆಳಗೆ, ನೆಲದ ಕೋಣೆಗೆ ತನ್ನಿ. ಮೇಲೆಯೇ ಬೇಕು ಅಂದರೆ ಕೆಂಪುಕಲ್ಲಿನ ದಪ್ಪ ಗೋಡೆಗೆ ಗಟ್ಟಿ ಕಬ್ಬಿಣದ ಬ್ರಾಕೆಟ್ ಹೊಡೆಸಿ, ಮೇಲೆ ಒಂದು ಕಡಪ ಕಲ್ಲು ಇಟ್ಟು, ಅದರ ಮೇಲೆ ಕೂರಿಸಿ. ಆಗ ಹಲಗೆ ಬಾಗಿದರೂ ಗೋಡೆ ಬಾಗುವುದಿಲ್ಲ. ಆ ಹಳೇ ಗೋಡೆಗಳು ಈ ಕೆಲಸಕ್ಕೆ ಎಷ್ಟು ಒಳ್ಳೆಯವು ಅಂದರೆ, ದುಡ್ಡು ಕೊಟ್ಟರೂ ಅಂಥ ಸ್ಟ್ಯಾಂಡ್ ಸಿಗಲಿಕ್ಕಿಲ್ಲ. ಸ್ಪೀಕರ್ ಅದೇ ಮೇಜಿನ ಮೇಲೆ ಇರಬಾರದು. ಮೇಸ್ತ್ರಿಗಳ ರಸಮಟ್ಟ ತಂದು ತಿರುಗುವ ತಟ್ಟೆಯ ಮೇಲೆ ಎರಡು ದಿಕ್ಕಿಗೆ ಇಟ್ಟು ನೋಡಿ, ಮಟ್ಟ ಮಾಡಿ.

ಇನ್ನು ಸೂಜಿ. ಇಲ್ಲಿಗೆ ಬಂದಾಗ ಆತುರ ಬೇಡ. ಒಂದು ಮಧ್ಯಾಹ್ನ ಇದಕ್ಕೇ ಇಟ್ಟುಬಿಡಿ, ಒಳ್ಳೆಯ ಬೆಳಕಿರುವ ಜಗಲಿಯಲ್ಲಾದರೆ ಇನ್ನೂ ಉತ್ತಮ.

ರೆಕಾರ್ಡಿನ ಗೆರೆ ಅಂದರೆ ಪೆನ್ಸಿಲಿನಲ್ಲಿ ಎಳೆದ ಗೆರೆಯಲ್ಲ, ಅಡಿಕೆ ತೋಟದ ಕಣಿಯ ಹಾಗೆ ಎರಡು ಬದಿ ಇರುವ ಕಣಿ. ಸ್ಟೀರಿಯೋ ರೆಕಾರ್ಡಿನಲ್ಲಿ ಒಳಬದಿಯಲ್ಲಿ ಎಡ ಸ್ಪೀಕರಿನ ಹಾಡು, ಹೊರಬದಿಯಲ್ಲಿ ಬಲ ಸ್ಪೀಕರಿನ ಹಾಡು ಕೊರೆದಿರುತ್ತದೆ. ಸೂಜಿ ಎರಡೂ ಬದಿಗೆ ಸಮವಾಗಿ ತಾಗಿಕೊಂಡು ಹೋಗಬೇಕು. ನಾವು ಮಾಡುವ ಎಲ್ಲ ಸರಿಪಡಿಕೆಯೂ ಇದಕ್ಕಾಗಿಯೇ.

ಕೊನೆಯ ಹಾಡಿನಲ್ಲಿ ಮಾತ್ರ ‘ಸ’ ಹರಿಯುವುದಕ್ಕೆ ಕಾರಣ ಇದೆ. ಎಲ್‌ಪಿಯ ಹೊರ ಅಂಚಿನಲ್ಲಿ ಒಂದು ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗೆರೆ ಸೂಜಿಯ ಕೆಳಗೆ ಓಡುತ್ತದೆ. ಒಳಗೆ ಲೇಬಲ್ಲಿನ ಹತ್ತಿರ ಬರೀ 21 ಸೆಂಟಿಮೀಟರ್. ಅಷ್ಟೇ ಹಾಡನ್ನು ಅರ್ಧಕ್ಕಿಂತ ಕಡಿಮೆ ಉದ್ದದಲ್ಲಿ ತುಂಬಿಸಿರುತ್ತಾರೆ. ‘ಸ’, ‘ಶ’ಗಳ ಅಲೆ ಅಲ್ಲಿ ತುಂಬಾ ಇಕ್ಕಟ್ಟು. ಸೂಜಿ ತುಸು ಓರೆ ಇದ್ದರೆ ಹೊರಗಿನ ಹಾಡು ಅದನ್ನು ಸಹಿಸುತ್ತದೆ, ಒಳಗಿನದು ಸಹಿಸುವುದಿಲ್ಲ. ಹಾಗಾಗಿ ನಿಮ್ಮ ಕಾರ್ಟ್ರಿಜ್ ಓರೆ ಕೂತಿದೆ ಅಂತ ಅನುಮಾನ.

ಅದಕ್ಕೆ ಪ್ರೊಟ್ರಾಕ್ಟರ್ ಅನ್ನುವ ಕಾಗದ ಬೇಕು. ಬೇರ್‌ವಾಲ್ಡ್ ಅಳತೆಯದು ಅಂತ ಹುಡುಕಿದರೆ ಸಿಗುತ್ತದೆ. ನಡುವಿನ ಕಡ್ಡಿಯಿಂದ 66 ಮಿಲಿಮೀಟರ್ ಮತ್ತು 120.9 ಮಿಲಿಮೀಟರ್ ದೂರದಲ್ಲಿ ಎರಡು ಚುಕ್ಕಿ, ಪ್ರತಿ ಚುಕ್ಕಿಯ ಸುತ್ತ ಚೌಕದ ಗೆರೆಗಳು ಇರುತ್ತವೆ. ಪ್ರಿಂಟ್ ಮಾಡಿಸುವಾಗ ನೂರಕ್ಕೆ ನೂರು ಅಳತೆಯಲ್ಲಿ ತೆಗೆಯಲು ಹೇಳಿ. ಪುಟಕ್ಕೆ ಹೊಂದಿಸಿ ತೆಗೆದರೆ ಚಿಕ್ಕದಾಗಿ ಬಿಡುತ್ತದೆ. ಮನೆಗೆ ತಂದು ಸ್ಕೇಲಿನಲ್ಲಿ ಅಳೆದೇ ಉಪಯೋಗಿಸಿ. ಇದನ್ನು ಬಿಟ್ಟವರ ಉಳಿದ ಶ್ರಮವೆಲ್ಲ ನೀರಿನಲ್ಲಿ ಹೋಮ.

ಮೋಟಾರು ಬಂದ್, ಪ್ಲಗ್ ಹೊರಗೆ. ಕಾಗದವನ್ನು ತಟ್ಟೆಯ ಮೇಲೆ ಇಟ್ಟು, ಸೂಜಿಯ ತುದಿಯನ್ನು ಮೆಲ್ಲನೆ ಒಳಗಿನ ಚುಕ್ಕಿಯ ಮೇಲೆ ಇಳಿಸಿ. ಮುಂದಿನಿಂದ ನೋಡಿ. ಸೂಜಿ ಕೂತಿರುವ ಚಿಕ್ಕ ಕಡ್ಡಿ ಕಾಗದದ ಗೆರೆಗೆ ನೇರ ಇರಬೇಕು. ಕಾರ್ಟ್ರಿಜ್‌ನ ಪೆಟ್ಟಿಗೆಯನ್ನಲ್ಲ, ಆ ಕಡ್ಡಿಯನ್ನೇ ನೋಡಿ. ಓರೆ ಇದ್ದರೆ ಹೆಡ್‌ಶೆಲ್ಲಿನ (ಕಾರ್ಟ್ರಿಜ್ ಕೂರಿಸುವ ಜಾಗದ) ಎರಡು ಸ್ಕ್ರೂ ತುಸು ಸಡಿಲಿಸಿ ತಿರುಗಿಸಿ. ಆಮೇಲೆ ಹೊರಗಿನ ಚುಕ್ಕಿಗೆ ಹೋಗಿ. ಅಲ್ಲಿ ಓರೆ ಬಂದರೆ ಕಾರ್ಟ್ರಿಜ್ಜನ್ನು ತುಸು ಮುಂದಕ್ಕೋ ಹಿಂದಕ್ಕೋ ಜಾರಿಸಿ, ಮತ್ತೆ ಒಳಗಿನದನ್ನು ನೋಡಿ. ಒಂದನ್ನು ಸರಿ ಮಾಡಿದರೆ ಇನ್ನೊಂದು ತಪ್ಪುತ್ತದೆ, ಏಳೆಂಟು ಸಲ ಹೋಗಿ ಬರಬೇಕಾಗುತ್ತದೆ. ಅರ್ಧ ಮಿಲಿಮೀಟರ್ ಕೂಡ ಇಲ್ಲಿ ದೊಡ್ಡದೇ. ಎರಡೂ ಚುಕ್ಕಿಯಲ್ಲಿ ನೇರ ಬಂದ ದಿನ ಆ ಕೊನೆಯ ಹಾಡು ಕೇಳಿ. ನಿಮಗೇ ಗೊತ್ತಾಗುತ್ತದೆ.

ಸ್ಕ್ರೂ ಬಿಗಿ ಮಾಡುವಾಗ ಸೂಜಿಯ ಮುಚ್ಚಳ ಹಾಕಿರಿ. ಹಿಂದಿನ ನಾಲ್ಕು ವಯರ್ ಬಿಚ್ಚಿ ಹಾಕಿದ್ದರೆ ಬಣ್ಣ ಸರಿ ಇದೆಯಾ ನೋಡಿ. ಬಿಳಿ ಎಡದ ಪ್ಲಸ್, ನೀಲಿ ಎಡದ ಮೈನಸ್, ಕೆಂಪು ಬಲದ ಪ್ಲಸ್, ಹಸಿರು ಬಲದ ಮೈನಸ್.

ಆಮೇಲೆ ಭಾರ. ಆ್ಯಂಟಿ ಸ್ಕೇಟ್ ಗುಂಡಿಯನ್ನು ಸೊನ್ನೆಗೆ ಇಡಿ. ಮುಚ್ಚಳ ತೆಗೆದು, ಟೋನ್‌ಆರ್ಮಿನ (ಕಾರ್ಟ್ರಿಜ್ ಹಿಡಿದಿರುವ ಉದ್ದದ ತೋಳಿನ) ಹಿಂದಿನ ಭಾರವನ್ನು ತಿರುಗಿಸುತ್ತಾ ಹೋಗಿ. ಆರ್ಮ್ ತಕ್ಕಡಿಯ ದಂಡದ ಹಾಗೆ ಮೇಲೂ ಹೋಗದೆ ಕೆಳಗೂ ಬೀಳದೆ ತೇಲಬೇಕು. ಆಗ ಭಾರದ ಮುಂದಿರುವ ಅಂಕಿಯ ಬಳೆಯನ್ನು ಮಾತ್ರ ಸೊನ್ನೆಗೆ ತಿರುಗಿಸಿ. ಈಗ ಭಾರ, ಬಳೆ ಎರಡನ್ನೂ ಒಟ್ಟಿಗೆ 2ರ ತನಕ ತಿರುಗಿಸಿ. ನಿಮ್ಮ ವಿಎಂ95ಇಗೆ 1.8ರಿಂದ 2.2 ಗ್ರಾಂ ಆಗಬಹುದು, ಕಂಪನಿ ಹೇಳುವುದು 2. ಹಳೆಯ ಬಳೆಯನ್ನು ಪೂರ್ತಿ ನಂಬಬೇಡಿ. ಸೂಜಿ ತೂಗುವ ಚಿಕ್ಕ ಡಿಜಿಟಲ್ ತಕ್ಕಡಿ ಒಂದು ತರಿಸಿಕೊಳ್ಳಿ. ಚಿನ್ನ ತೂಗುವ ಚಿಕ್ಕ ತಕ್ಕಡಿಯೂ ಆಗುತ್ತದೆ. ಆದರೆ ಅದರ ತಟ್ಟೆ ಕಬ್ಬಿಣದ್ದಾದರೆ ಕಾರ್ಟ್ರಿಜ್‌ನ ಒಳಗಿನ ಅಯಸ್ಕಾಂತ ಅದಕ್ಕೆ ಎಳೆದು ತಪ್ಪು ತೂಕ ತೋರಿಸುತ್ತದೆ. ತೂಗುವ ಜಾಗ ರೆಕಾರ್ಡಿನ ಎತ್ತರದಲ್ಲೇ ಇರಲಿ.

ಹಗುರ ಇದ್ದರೆ ರೆಕಾರ್ಡಿಗೆ ಒಳ್ಳೆಯದು ಅನ್ನುವ ನಂಬಿಕೆ ತುಂಬಾ ಜನರಿಗಿದೆ. ಅದು ತಪ್ಪು. ಭಾರ ಸಾಲದ ಸೂಜಿ ಗೆರೆಯಲ್ಲಿ ಕುಣಿಯುತ್ತದೆ, ಬಡಿದಲ್ಲೆಲ್ಲ ಗಾಯ ಮಾಡುತ್ತದೆ. ಇನ್ನೊಂದು ಕಡೆ, ಹಿಂದೆ ನಾಲ್ಕಾಣೆ ನಾಣ್ಯವನ್ನು ಆರ್ಮಿನ ಮೇಲೆ ಇಡುತ್ತಿದ್ದರಲ್ಲ, ಅದು 2.5 ಗ್ರಾಂ. 2 ಗ್ರಾಂ ಬೇಕಾದಲ್ಲಿ ನಾಲ್ಕೂವರೆ! ನನ್ನ ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲೂ ಹಾಗೆ ಇಟ್ಟೇ ಕೇಳಿದ್ದು. ಆ ರೆಕಾರ್ಡುಗಳು ಈಗಲೂ ನನ್ನ ಹತ್ತಿರ ಇವೆ, ಹಾಡಿಗಿಂತ ಜಾಸ್ತಿ ಸರಸರ ಸದ್ದೇ ಕೇಳುತ್ತದೆ. ಅವನ್ನು ಹಾಕಿದಾಗಲೆಲ್ಲ ಬೇಸರವಾಗುತ್ತದೆ.

ಆ್ಯಂಟಿ ಸ್ಕೇಟನ್ನು ಈಗ 2ಕ್ಕೆ ತನ್ನಿ. ತಿರುಗುವ ರೆಕಾರ್ಡು ಆರ್ಮನ್ನು ಒಳಕ್ಕೆ ಎಳೆಯುತ್ತಿರುತ್ತದೆ, ಈ ಗುಂಡಿ ಅದನ್ನು ಹೊರಕ್ಕೆ ತುಸು ಹಿಡಿಯುತ್ತದೆ. ಜೋರು ಹಾಡಿನಲ್ಲಿ ಬಲ ಸ್ಪೀಕರ್ ಮೊದಲು ಒಡೆದರೆ ತುಸು ಜಾಸ್ತಿ ಮಾಡಿ, ಎಡದ್ದು ಒಡೆದರೆ ಕಡಿಮೆ ಮಾಡಿ. ಸೂಜಿ ರೆಕಾರ್ಡಿನ ಮೇಲಿದ್ದಾಗ ಬದಿಯಿಂದ ನೋಡಿದರೆ ಆರ್ಮ್ ರೆಕಾರ್ಡಿಗೆ ಸಮಾನವಾಗಿ ಕಾಣಬೇಕು. ಹಿಂದಿನ ತುದಿ ಎತ್ತರ ಇದ್ದು, ಆರ್ಮನ್ನು ಇಳಿಸಲು ವ್ಯವಸ್ಥೆ ಇಲ್ಲದಿದ್ದರೆ ಇನ್ನೊಂದು ತೆಳು ಮ್ಯಾಟ್ ಹಾಕಬಹುದು. ಒಂದು ಚಿಕ್ಕ ಕನ್ನಡಿ ಇಟ್ಟು ಅದರ ಮೇಲೆ ಸೂಜಿ ಇಳಿಸಿ, ಮುಂದಿನಿಂದ ನೋಡಿ. ಸೂಜಿಯೂ ಪ್ರತಿಬಿಂಬವೂ ಒಂದೇ ನೇರ ಗೆರೆಯಾದರೆ ಸರಿ. ಕನ್ನಡಿಯ ಮೇಲೆ ಸೂಜಿ ಇದ್ದಾಗ ತಟ್ಟೆ ತಿರುಗಿಸಬಾರದು.

ಗುಂಯ್ ಸದ್ದಿಗೆ ಬರೋಣ. ಟರ್ನ್‌ಟೇಬಲ್ಲಿನ ಹಿಂದೆ ಒಂದು ತೆಳು ಒಂಟಿ ವಯರ್ ಇರುತ್ತದೆ. ಅದನ್ನು ಆಂಪ್ಲಿಫೈಯರಿನ ಹಿಂದಿನ ಗ್ರೌಂಡ್ ಸ್ಕ್ರೂಗೆ ಸಿಕ್ಕಿಸಿ. ಗೋಡೆಯ ಮೂರು ಪಿನ್ ಪ್ಲಗ್ಗಿನ ಅರ್ತಿಗೆ ಕೊಡಬಾರದು. ಆಮೇಲೆ ನಿಮ್ಮ ಟ್ರಾನ್ಸ್‌ಫಾರ್ಮರ್ ಎಲ್ಲಿದೆ ನೋಡಿ. ಟರ್ನ್‌ಟೇಬಲ್ಲಿನ ಪಕ್ಕದಲ್ಲೇ ಇದ್ದರೆ ಅದೇ ಗುಂಯ್‌ಗೆ ಕಾರಣ ಇರಬಹುದು. ಒಂದು ಮೀಟರಾದರೂ ದೂರ, ನೆಲದ ಮೇಲೆ ಇಡಿ.

ನೀವು ಆಂಪ್ಲಿಫೈಯರಿನ ಯಾವ ತೂತಿಗೆ ಸಿಕ್ಕಿಸಿದ್ದೀರಿ ಅಂತ ಬರೆದಿಲ್ಲ. ‘ಫೋನೋ’ ಅಂತ ಬರೆದದ್ದಕ್ಕೇ ಸಿಕ್ಕಿಸಬೇಕು. ಈ ಕಾರ್ಟ್ರಿಜ್ ಕೊಡುವುದು ಬರೀ 4 ಮಿಲಿವೋಲ್ಟ್. ಸಿಡಿ ಪ್ಲೇಯರ್ ಸುಮಾರು 2000 ಮಿಲಿವೋಲ್ಟ್ ತನಕ ಕೊಡುತ್ತದೆ. ಅದೂ ಅಲ್ಲದೆ ರೆಕಾರ್ಡು ಕೊರೆಯುವಾಗ ಮಂದ್ರವನ್ನು ಬೇಕೆಂದೇ ಕಡಿಮೆ ಮಾಡಿ, ತಾರವನ್ನು ಏರಿಸಿ ಕೊರೆದಿರುತ್ತಾರೆ. ಹಾಗೆ ಮಾಡದಿದ್ದರೆ ಮೃದಂಗದ ಒಂದು ಪೆಟ್ಟಿಗೆ ಗೆರೆ ಪಕ್ಕದ ಗೆರೆಯನ್ನೇ ಮುಟ್ಟಿಬಿಡುತ್ತದೆ. ಫೋನೋ ತೂತಿನ ಹಿಂದಿರುವ ಪ್ರಿಆಂಪ್ (ಸಣ್ಣ ಸಿಗ್ನಲನ್ನು ಮೊದಲು ಏರಿಸುವ ಭಾಗ) ಅದನ್ನು ತಿರುಗಿಸಿ ಸರಿ ಮಾಡುತ್ತದೆ. ಆರ್‌ಐಎಎ ಅನ್ನುವ ಈ ಲೆಕ್ಕ 1954ರಿಂದ ಬಂದದ್ದು. ಆಂಪ್ಲಿಫೈಯರಿನಲ್ಲಿ ಫೋನೋ ಇಲ್ಲದಿದ್ದರೆ ಚಿಕ್ಕ ಪ್ರಿಆಂಪ್ ಬೇರೆ ತೆಗೆದುಕೊಳ್ಳಬೇಕು. ಈ ಪಟ್ಟಿಯಲ್ಲಿ ದುಡ್ಡು ಹಾಕಲೇಬೇಕಾದದ್ದು ಅಂತ ಇದ್ದರೆ ಇದೊಂದು, ಪುಲ್ಲಿ ಇನ್ನೊಂದು.

ಮಳೆಗಾಲದ ಮಾತು ಹೇಳದೆ ಮುಗಿಸಲಾರೆ. ನಮ್ಮಲ್ಲಿ ಆಟಿ ತಿಂಗಳಲ್ಲಿ ಬಾಗಿಲಿನ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ರೆಕಾರ್ಡಿನ ಕವರು ಬಿಡುತ್ತದೆಯೇ? ನೀರು ಇಳಿಯುವ ಗೋಡೆಗೆ ತಾಗಿಸಿ ಇಡಬೇಡಿ. ಬೇಸಿಗೆಯಲ್ಲಿ ಹಂಚಿನ ಅಡಿಯ ಅಟ್ಟವೂ ಬೇಡ, ಬಿಸಿಗೆ ಎಲ್‌ಪಿ ಹಪ್ಪಳದ ಹಾಗೆ ಬಾಗುತ್ತದೆ. ನಡುಮನೆಯ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿ. ಒಂದರ ಮೇಲೊಂದು ಪೇರಿಸುವುದೂ ಬೇಡ, ಓರೆಯಾಗಿ ಒರಗಿಸುವುದೂ ಬೇಡ. ಬೂಷ್ಟು ಹಿಡಿದದ್ದನ್ನು ಹೊರಗೆ ತಂದು, ಮೂಗಿಗೆ ಬಟ್ಟೆ ಕಟ್ಟಿ, ಬೇರೆಯೇ ಬ್ರಷ್ಷಿನಲ್ಲಿ ಒರೆಸಿ. ಎಲ್‌ಪಿ ತೊಳೆಯಲು ಡಿಸ್ಟಿಲ್ಡ್ ವಾಟರ್ ಒಳ್ಳೆಯದು, ಇನ್ವರ್ಟರ್ ಬ್ಯಾಟರಿಗೆ ಹಾಕಲು ಮಾರುತ್ತಾರಲ್ಲ, ಅದು. ಆಸಿಡ್ ಬೆರೆತದ್ದಲ್ಲ ಅಂತ ನೋಡಿ ತನ್ನಿ. ಅದಕ್ಕೆ ಪಾತ್ರೆ ತೊಳೆಯುವ ದ್ರವದ ಒಂದೇ ಹನಿ ಸಾಕು. ಬಾವಿ ನೀರಿನಲ್ಲಿ ಕರಗಿದ ಉಪ್ಪೆಲ್ಲ ಒಣಗಿದ ಮೇಲೆ ಗೆರೆಯಲ್ಲಿ ಕೂರುತ್ತದೆ. ತುಲಾ ಮಾಸದ ಗುಡುಗು ಮಿಂಚಿಗೆ ಪ್ಲಗ್ಗನ್ನು ಹೊರಗೇ ತೆಗೆದಿಡಿ, ಸ್ವಿಚ್ ಆರಿಸಿದರೆ ಸಾಲದು.

ಅಜ್ಜನ 78ರ ಪ್ಲೇಟುಗಳನ್ನು ಈ ಸೂಜಿಯಲ್ಲಿ ಕೇಳಬೇಡಿ. ಅವುಗಳ ಗೆರೆ ಅಗಲ, ಸುಮಾರು 3 ಮಿಲ್ ಅಂದರೆ 75 ಮೈಕ್ರಾನ್ ಸೂಜಿ ಬೇಕು. ಎಲ್‌ಪಿಯ ಸೂಜಿ 18 ಮೈಕ್ರಾನಿನದು. ಅದು ಗೆರೆಯ ತಳದಲ್ಲಿ ಕಸದ ಮೇಲೆ ಜಾರುತ್ತಾ ಹೋಗಿ ತಾನೂ ಹಾಳಾಗುತ್ತದೆ. ನಿಮ್ಮ ಅದೃಷ್ಟಕ್ಕೆ ಇದೇ ಕಾರ್ಟ್ರಿಜ್‌ಗೆ 78ರ ಸೂಜಿ ಬೇರೆಯೇ ಬರುತ್ತದೆ, ಎಸ್‌ಪಿ ಅಂತ ಹೆಸರು. ಎಳೆದು ತೆಗೆದು ಇದನ್ನು ಸಿಕ್ಕಿಸಿದರಾಯಿತು. ಭಾರ ಮಾತ್ರ 5 ಗ್ರಾಂ ಇಡಬೇಕು, ಎಲ್‌ಪಿಗೆ ವಾಪಸು ಬರುವಾಗ ಮರೆಯದೆ 2ಕ್ಕೆ ಇಳಿಸಬೇಕು. ಮೆಷಿನಿನಲ್ಲಿ 78ರ ವೇಗ ಇದೆಯಾ ಅಂತ ಮೊದಲು ನೋಡಿ. ಇಲ್ಲದಿದ್ದರೆ ಆ ಪೆಟ್ಟಿಗೆ ಇನ್ನಷ್ಟು ದಿನ ಕಾಯಲಿ.

ಆ ಪ್ಲೇಟುಗಳಿಗೆ ಸ್ಪಿರಿಟ್ ತಾಗಿಸಬೇಡಿ. ಅವುಗಳ ಮೈ ಅರಗಿನದು, ಸ್ಪಿರಿಟ್ಟಿನಲ್ಲಿ ಅರಗು ಕರಗುತ್ತದೆ. ಇದು ಗೊತ್ತಿಲ್ಲದ ವಯಸ್ಸಿನಲ್ಲಿ ನಾನು ನನ್ನ ಅಜ್ಜನ ಒಂದು ಪ್ಲೇಟನ್ನು ಹತ್ತಿಯಲ್ಲಿ ಸ್ಪಿರಿಟ್ ಹಚ್ಚಿ ಒರೆಸಿದ್ದೆ. ಹತ್ತಿ ಕಪ್ಪಾಯಿತು, ಕೊಳೆ ಹೋಗುತ್ತಿದೆ ಅಂತ ಇನ್ನೂ ಜೋರಾಗಿ ಒರೆಸಿದೆ. ಹೋದದ್ದು ಕೊಳೆಯಲ್ಲ, ಹಾಡು. ಆ ಪ್ಲೇಟಿನ ಇನ್ನೊಂದು ಪ್ರತಿ ನನಗೆ ಇವತ್ತಿನ ತನಕ ಸಿಕ್ಕಿಲ್ಲ. ಒದ್ದೆ ಮಾಡಿ ಹಿಂಡಿದ ಮೆತ್ತನೆ ಬಟ್ಟೆಯಲ್ಲಿ, ಲೇಬಲ್ಲಿಗೆ ತಾಗದ ಹಾಗೆ ಒರೆಸಿ, ಕೂಡಲೇ ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.

ನಾಳೆ ಮೊದಲು ಆ 3 ನಿಮಿಷದ ಎಣಿಕೆ ಮಾಡಿ. ಮೋಟಾರಿನ ಮೇಲಿನ ಚೀಟಿಯಲ್ಲಿ ಇರುವ ವೋಲ್ಟ್, ಹರ್ಟ್ಸ್, ಪುಲ್ಲಿಯ ಎರಡೂ ಮೆಟ್ಟಿಲಿನ ದಪ್ಪ, ಬೆಲ್ಟಿನ ದಪ್ಪ, ಇಷ್ಟನ್ನು ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆದು ಬರೆದು ಕಳಿಸಿ. ಲೇತಿಗೆ ಕೊಡುವ ಮೊದಲು ಲೆಕ್ಕವನ್ನು ನಾನೂ ಒಮ್ಮೆ ನೋಡಿಕೊಡುತ್ತೇನೆ.